ಸಂತೆಗೆ ಮೂರು ಮೊಳ

‘ಸಂತೆಗೆ ಮೂರು ಮೊಳ ನೇಯ್ದ ಹಾಗೆ’ ಎಂಬ ಗಾದೆಯನ್ನು ನಾವು ಸಾಮಾನ್ಯವಾಗಿ ಅವಸರದ ಕೆಲಸವನ್ನು ಹಳಿಯುವುದಕ್ಕೆ ಬಳಸುತ್ತೇವೆ. ಆದರೆ ಅದರೊಳಗೆ ಆರ್ಥಿಕ ಇತಿಹಾಸದ ಒಂದು ಸೂಕ್ಷ್ಮವೂ ಅಡಗಿದೆ. ಉಡುವವರನ್ನು ನೆನೆದು ನೇಯ್ದ ಬಟ್ಟೆ ಒಂದು ಬಗೆ. ಸಂತೆಯ ದಿನವನ್ನು ಮಾತ್ರ ನೆನೆದು ನೇಯ್ದದ್ದು ಇನ್ನೊಂದು ಬಗೆ. ಎರಡನ್ನೂ ನೇಯುವುದು ಅದೇ ಮಗ್ಗ, ಅದೇ ಕೈ. ಆದರೂ ನೇಯ್ಗೆಯಲ್ಲಿ ವ್ಯತ್ಯಾಸ ಬರುತ್ತದೆ. ಕಳೆದ ಐವತ್ತು ಅರುವತ್ತು ವರ್ಷಗಳಲ್ಲಿ ಅಮೆರಿಕದಲ್ಲಿಯೂ ಇಂಗ್ಲೆಂಡಿನಲ್ಲಿಯೂ ಬೆಳೆದುಬಂದಿರುವ ಒಂದು ವಿಚಿತ್ರವಾದ ಸಂತೆಯ ಚರಿತ್ರೆಯನ್ನು ನೋಡುವಾಗ ಈ ಗಾದೆ ಮತ್ತೆ ಮತ್ತೆ ನೆನಪಿಗೆ ಬರುತ್ತದೆ. ಆ ಸಂತೆಯ ಹೆಸರು ‘ಔಟ್‌ಲೆಟ್ ವಿಲೇಜ್’.

ಲಂಡನ್ನಿನ ಮ್ಯಾರಿಲಬೋನ್ ನಿಲ್ದಾಣದಲ್ಲಿ ಬೆಳಿಗ್ಗೆ ರೈಲು ಹತ್ತಿದರೆ ಒಂದು ಗಂಟೆಯೊಳಗೆ ಆಕ್ಸ್‌ಫರ್ಡ್ ಪ್ರಾಂತದ ಬಿಸ್ಟರ್ ಎಂಬ ಊರು ಸಿಗುತ್ತದೆ. ಅಲ್ಲಿನ ‘ಬಿಸ್ಟರ್ ವಿಲೇಜ್’ 1995ರಲ್ಲಿ ತೆರೆಯಿತು. ಹೆಸರಿಗೆ ಹಳ್ಳಿ. ಮರದ ಹಲಗೆ ಹೊದಿಸಿದ ಪುಟ್ಟ ಪುಟ್ಟ ಮನೆಗಳ ಒಂದು ಬೀದಿ. ಅದೂ ಇಂಗ್ಲೆಂಡಿನ ಹಳ್ಳಿಯ ಮಾದರಿಯಲ್ಲ, ಅಮೆರಿಕದ ನ್ಯೂ ಇಂಗ್ಲೆಂಡ್ ಪ್ರಾಂತದ್ದು. ಒಂದೊಂದು ಮನೆಯೂ ಒಂದು ಹೆಸರಾಂತ ಕಂಪೆನಿಯ ಅಂಗಡಿ. ಅಂಥವು 150ಕ್ಕೂ ಹೆಚ್ಚು. ಈ ಹಳ್ಳಿಯಲ್ಲಿ ಹೊಲವಿಲ್ಲ, ಬಾವಿಯಿಲ್ಲ, ತೊಟ್ಟಿಲಿಲ್ಲ. ಬೆಳಿಗ್ಗೆ ಬಂದವರು ಸಂಜೆಗೆ ಕೈತುಂಬ ಚೀಲ ಹಿಡಿದು ಹಿಂದಿರುಗುತ್ತಾರೆ. ಲಂಡನ್ ನೋಡಲು ಬಂದ ಚೀನೀಯರೂ ಅರಬರೂ ಒಂದು ದಿನವನ್ನು ಇದಕ್ಕೆಂದೇ ಎತ್ತಿಡುವುದುಂಟು. ಈ ಊರಿನಲ್ಲಿ 1850ರಷ್ಟು ಹಳೆಯ ರೈಲು ನಿಲ್ದಾಣವೊಂದಿತ್ತು. 1968ರಲ್ಲಿ ಅದನ್ನು ಮುಚ್ಚಿ, 1987ರಲ್ಲಿ ಮತ್ತೆ ತೆರೆದರು. 2015ರಲ್ಲಿ ಹೊಸದಾಗಿ ಕಟ್ಟಿದಾಗ ‘ಬಿಸ್ಟರ್ ಟೌನ್’ ಎಂಬ ಹಳೆಯ ಹೆಸರು ಹೋಗಿ ‘ಬಿಸ್ಟರ್ ವಿಲೇಜ್’ ಎಂದಾಯಿತು. ಊರಿನ ಹೆಸರನ್ನು ಅಂಗಡಿಗೆ ಇಡುವುದು ಲೋಕರೂಢಿ. ಇಲ್ಲಿ ಅಂಗಡಿಯ ಹೆಸರೇ ನಿಲ್ದಾಣದ ಹೆಸರಾಯಿತು.

‘ಔಟ್‌ಲೆಟ್’ ಎಂಬ ಪದಕ್ಕೆ ಕನ್ನಡದಲ್ಲಿ ಏನೆನ್ನೋಣ? ನಮ್ಮ ಕೆರೆಗಳನ್ನು ಕೇಳಿದರೆ ಅವು ಎರಡು ಪದಗಳನ್ನು ಕೊಡುತ್ತವೆ: ಕೋಡಿ ಮತ್ತು ತೂಬು. ಕೆರೆ ತುಂಬಿ ಮಿಕ್ಕ ನೀರು ತಾನಾಗಿ ಹರಿದುಹೋಗುವ ಕಡೆ ಕೋಡಿ. ಬೇಕೆಂದಾಗ ಬೇಕಾದಷ್ಟನ್ನು ಬಿಟ್ಟುಕೊಳ್ಳಲು ಮನುಷ್ಯ ಮಾಡಿಕೊಂಡದ್ದು ತೂಬು. ಈ ಅಂಗಡಿಗಳು ಹುಟ್ಟಿದ್ದು ಕೋಡಿಯಾಗಿ, ಬೆಳೆದದ್ದು ತೂಬಾಗಿ. ಇವುಗಳ ಇತಿಹಾಸದ ತಿರುಳೆಲ್ಲ ಇಷ್ಟೇ ಎಂದರೂ ಸಲ್ಲುತ್ತದೆ.

ಕಾರ್ಖಾನೆಯೆಂದ ಮೇಲೆ ಮಿಕ್ಕದ್ದು ಇದ್ದೇ ಇರುತ್ತದೆ. ಒಂದು ಬೂಟಿನ ಹೊಲಿಗೆ ಸೊಟ್ಟಗಾಗುತ್ತದೆ, ಒಂದು ಅಂಗಿಯ ಬಣ್ಣ ಮಾಸುತ್ತದೆ, ಒಂದು ಅಳತೆಯ ಮಾಲು ಯಾರಿಗೂ ಬೇಡವಾಗಿ ಉಳಿಯುತ್ತದೆ. ಅಮೆರಿಕದ ಪೂರ್ವ ತೀರದ ಗಿರಣಿಗಳು ಇಂಥ ಮಾಲನ್ನು ಮೊದಲು ತಮ್ಮ ಕೆಲಸಗಾರರಿಗೇ ಅಗ್ಗವಾಗಿ ಮಾರುತ್ತಿದ್ದವು. ಬರಬರುತ್ತ ಊರಿನವರೂ ಬರತೊಡಗಿದರು. ಕೊಳ್ಳುವವನಿಗೆ ವಸ್ತುವಿನ ದೋಷ ಗೊತ್ತಿತ್ತು, ಮಾರುವವನಿಗೂ ಗೊತ್ತಿತ್ತು. ಬೆಲೆ ಇಳಿದದ್ದು ಏಕೆ ಎಂಬ ಪ್ರಶ್ನೆಗೆ ಉತ್ತರ ವಸ್ತುವಿನ ಮೇಲೆಯೇ ಕಾಣುತ್ತಿತ್ತು.

ಪೆನ್ಸಿಲ್ವೇನಿಯ ರಾಜ್ಯದ ರೆಡಿಂಗ್ ಪಟ್ಟಣದ ಬದಿಯಲ್ಲಿ ಬರ್ಕ್‌ಷೈರ್ ನಿಟಿಂಗ್ ಮಿಲ್ಸ್ ಎಂಬ ಕಾಲುಚೀಲದ ಗಿರಣಿಯಿತ್ತು. ಜರ್ಮನಿಯಿಂದ ವಲಸೆ ಬಂದ ಇಬ್ಬರು ಕಟ್ಟಿದ ಆ ಗಿರಣಿ ಒಂದು ಕಾಲಕ್ಕೆ ಹೆಂಗಸರ ಕಾಲುಚೀಲ ತಯಾರಿಕೆಯಲ್ಲಿ ಜಗತ್ತಿನಲ್ಲಿಯೇ ಬಹು ದೊಡ್ಡದೆನಿಸಿತ್ತು. 1969ರಲ್ಲಿ ಅದು ವಿ. ಎಫ್. ಕಾರ್ಪೊರೇಷನ್ನಿನ ವಶವಾಯಿತು. ಮರುವರ್ಷವೇ, 1970ರಲ್ಲಿ, ಗಿರಣಿಯ ಕಟ್ಟಡದಲ್ಲಿ ಅಂಗಡಿ ತೆರೆಯಿತು. ದೂರದ ನಗರಗಳಿಂದ ಬಸ್ಸು ಗೊತ್ತು ಮಾಡಿಕೊಂಡು ಜನ ಬಂದರು. ಯಂತ್ರಗಳ ಸದ್ದು ಅಡಗುತ್ತ ಬಂದಂತೆ ಅಂಗಡಿಗಳ ಸಾಲು ಬೆಳೆಯಿತು. ರೆಡಿಂಗ್ ಪಟ್ಟಣ ತನ್ನನ್ನು ‘ಜಗತ್ತಿನ ಔಟ್‌ಲೆಟ್ ರಾಜಧಾನಿ’ ಎಂದು ಕರೆದುಕೊಂಡಿತು. ಆ ರಾಜಧಾನಿಯ ಮೂಲ ಅಂಗಡಿ 2020ರಲ್ಲಿ ಬಾಗಿಲು ಹಾಕಿತು. ಗಿರಣಿ ಮೊದಲೇ ಹೋಗಿತ್ತು; ಗಿರಣಿಯ ನೆರಳಿನಲ್ಲಿ ಬೆಳೆದ ಅಂಗಡಿಯೂ ಹೋಯಿತು.

ಈ ಕಥೆಯ ಹೃದಯವನ್ನು ಕಾಣಬೇಕಾದರೆ ಮಾತ್ರ ಇಂಗ್ಲೆಂಡಿನ ಸಾಮರ್ಸೆಟ್ ಪ್ರಾಂತದ ‘ಸ್ಟ್ರೀಟ್’ ಎಂಬ ಸಣ್ಣ ಊರಿಗೆ ಹೋಗಬೇಕು. ಊರಿಗೆ ಬೀದಿಯೆಂದು ಹೆಸರೇ ಎಂದು ಓದುಗರು ನಗಬಹುದು. ಕಲ್ಲು ಹಾಸಿದ ದಾರಿ ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದ ಹೆಸರು ಅದು. ಬ್ರೂ ನದಿಯನ್ನು ದಾಟಿ ಪಕ್ಕದ ಗ್ಲಾಸ್ಟನ್‌ಬರಿ ಮಠದ ಕಡೆಗೆ ಹೋಗುವ ಹಳೆಯ ದಾರಿ ಊರಿಗೆ ಹೆಸರಾಯಿತು. ಮಠದ ದಾರಿಯಿಂದ ಹೆಸರು ಪಡೆದ ಊರು ಕೊಳ್ಳುವವರ ಯಾತ್ರೆಯ ಗುರಿಯಾದದ್ದು ಚರಿತ್ರೆಯ ವಿನೋದ.

1825ರಲ್ಲಿ ಈ ಊರಿನಲ್ಲಿ ಸೈರಸ್ ಕ್ಲಾರ್ಕ್ ಎಂಬಾತ ಕುರಿಚರ್ಮದ ನೆಲಹಾಸುಗಳ ವ್ಯಾಪಾರ ತೊಡಗಿದ. ಕೆಲವೇ ವರ್ಷಗಳಲ್ಲಿ ಅವನ ತಮ್ಮ ಜೇಮ್ಸ್, ನೆಲಹಾಸು ಕತ್ತರಿಸಿ ಉಳಿದ ಚೂರುಚರ್ಮದಿಂದ ಮನೆಯೊಳಗೆ ಮೆಟ್ಟುವ ಬೆಚ್ಚನೆಯ ಚಡಾವುಗಳನ್ನು ಹೊಲಿಯಲು ಆರಂಭಿಸಿದ. ನೆಲಹಾಸಿಗಿಂತ ಚಡಾವೇ ಹೆಚ್ಚು ಖರ್ಚಾಯಿತು. ಲೋಕಪ್ರಸಿದ್ಧವಾದ ಕ್ಲಾರ್ಕ್ಸ್ ಪಾದರಕ್ಷೆಗಳ ಮೂಲ ಹೀಗೆ ಮಿಕ್ಕುಳಿದ ಚೂರುಗಳಲ್ಲಿಯೇ ಇದೆ. ಚರ್ಮವನ್ನು ಕಾರ್ಖಾನೆಯಲ್ಲಿ ಕತ್ತರಿಸಿ ಕೊಡುತ್ತಿದ್ದರು. ಊರಿನವರು ಮನೆಗೆ ಒಯ್ದು ಹೊಲಿದು ತರುತ್ತಿದ್ದರು. 1851ರ ಲಂಡನ್ನಿನ ಮಹಾ ಪ್ರದರ್ಶನದಲ್ಲಿ ಈ ಮನೆತನಕ್ಕೆ ಎರಡು ಬಹುಮಾನಗಳು ಬಂದವು.

ಕ್ಲಾರ್ಕ್ ಮನೆತನದವರು ಕ್ವೇಕರ್ ಪಂಥದವರು. ಹದಿನೇಳನೆಯ ಶತಮಾನದಲ್ಲಿ ಜಾರ್ಜ್ ಫಾಕ್ಸ್ ಸ್ಥಾಪಿಸಿದ ಈ ಪಂಥದವರಿಗೆ ಆಕ್ಸ್‌ಫರ್ಡ್, ಕೇಂಬ್ರಿಜ್ ವಿದ್ಯಾಪೀಠಗಳ ಬಾಗಿಲು ಬಹುಕಾಲ ಮುಚ್ಚಿತ್ತು. ಹೀಗಾಗಿ ಅವರಲ್ಲಿ ಅನೇಕರು ವ್ಯಾಪಾರಕ್ಕಿಳಿದರು. ಚಾಕೊಲೇಟಿನ ಕ್ಯಾಡ್‌ಬರಿ, ಫ್ರೈ, ರೌನ್‌ಟ್ರಿ ಮನೆತನಗಳೆಲ್ಲ ಇದೇ ಪಂಥಕ್ಕೆ ಸೇರಿದವು. ವ್ಯಾಪಾರದಲ್ಲಿ ಅವರು ಒಂದು ನಿಯಮವನ್ನು ಧರ್ಮವೆಂಬಂತೆ ಪಾಲಿಸಿದರು: ವಸ್ತುವಿಗೆ ಒಂದೇ ಬೆಲೆ. ಹತ್ತು ಹೇಳಿ ಆರಕ್ಕೆ ಕೊಡುವುದು ಅವರ ದೃಷ್ಟಿಯಲ್ಲಿ ಜಾಣತನವಲ್ಲ, ಸುಳ್ಳು. ಆರಕ್ಕೆ ಕೊಡುವುದಾದರೆ ಮೊದಲು ಹತ್ತು ಎಂದದ್ದೇಕೆ? ಚೌಕಾಶಿಯೇ ವ್ಯಾಪಾರದ ಉಸಿರಾಗಿದ್ದ ಕಾಲದಲ್ಲಿ ಮಗುವನ್ನು ಕಳಿಸಿದರೂ ಮೋಸವಾಗದ ಅಂಗಡಿ ಎಂಬ ಹೆಸರು ಕ್ವೇಕರರಿಗೆ ಬಂದದ್ದು ಇದರಿಂದಲೇ.

1863ರಲ್ಲಿ ಸಂಸ್ಥೆ ಮುಳುಗುವ ಸ್ಥಿತಿಗೆ ಬಂದಾಗ ಪಂಥದ ಬಂಧುಗಳು ಸಾಲ ಕೊಟ್ಟು ಎತ್ತಿದರು. ಜೇಮ್ಸನ ಮಗ ವಿಲಿಯಂ ಹೊಣೆ ಹೊತ್ತು, ಹೊಲಿಗೆಯ ಯಂತ್ರಗಳನ್ನು ಬೆಳೆಸಿ ಕಾರ್ಖಾನೆಯನ್ನು ಭದ್ರಪಡಿಸಿದ. 1866ರಲ್ಲಿ ಆತ ಮದುವೆಯಾದ ಹೆಲೆನ್, ಜಾನ್ ಬ್ರೈಟನ ಮಗಳು. 1858ರಲ್ಲಿ ಕಂಪೆನಿ ಸರ್ಕಾರದ ಆಡಳಿತವನ್ನು ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಕಟುವಾಗಿ ಟೀಕಿಸಿ ಭಾರತದ ಪರವಾಗಿ ಮಾತನಾಡಿದ ಬ್ರೈಟನ ಹೆಸರು ನಮ್ಮ ಚರಿತ್ರೆಯ ಓದುಗರಿಗೆ ಹೊಸದಲ್ಲ. ಹೆಲೆನ್ ಸ್ವತಃ ಸ್ತ್ರೀಯರ ಮತದಾನದ ಹಕ್ಕಿಗಾಗಿ ದುಡಿದವಳು. 1885ರಲ್ಲಿ ಊರಿನ ಜನರಿಗಾಗಿ ಕ್ರಿಸ್ಪಿನ್ ಹಾಲ್ ಎಂಬ ಸಭಾಭವನ ಎದ್ದಿತು. ಅದರಲ್ಲಿ ಓದುವ ಕೋಣೆ, ಪುಸ್ತಕಭಂಡಾರಗಳಿದ್ದವು. ಕ್ರಿಸ್ಪಿನ್ ಎಂದರೆ ಬೂಟು ಹೊಲಿಯುವವರನ್ನು ಕಾಯುವ ಕ್ರೈಸ್ತ ಸಂತ. ಯಜಮಾನನೇ ಊರಾಳುವ ಈ ವ್ಯವಸ್ಥೆಯಲ್ಲಿ ಉಸಿರು ಕಟ್ಟಿದವರೂ ಇದ್ದಿರಬೇಕು. ಕೆಲಸ, ಮನೆ, ಮನರಂಜನೆ ಎಲ್ಲಕ್ಕೂ ಒಂದೇ ಮನೆತನದ ಮುಖ ನೋಡುವುದು ಸುಖದ ಮಾತಲ್ಲ. ಆದರೂ ಕಾರ್ಖಾನೆಯ ಗಂಟೆಗೂ ಊರಿನ ಬದುಕಿಗೂ ಒಂದು ತಾಳವಿತ್ತು ಎಂಬುದನ್ನು ಒಪ್ಪಬೇಕು.

ಎರಡನೆಯ ಮಹಾಯುದ್ಧದಲ್ಲಿ ಬರ್ಮಕ್ಕೆ ಹೋಗಿದ್ದ ಇದೇ ಮನೆತನದ ನೇಥನ್ ಕ್ಲಾರ್ಕ್, ಅಲ್ಲಿನ ಅಧಿಕಾರಿಗಳು ಮೆಟ್ಟಿದ್ದ ಕೈರೋ ಬಜಾರಿನ ಮೆತ್ತನೆಯ ಬೂಟುಗಳನ್ನು ಗಮನಿಸಿದ. 1950ರಲ್ಲಿ ಬಂದ ‘ಡೆಸರ್ಟ್ ಬೂಟ್’ ಅದರ ಫಲ. ಊರಿನ ಮೋಚಿಯ ಕೈ ಲೋಕದ ಕಾಲುಗಳನ್ನು ತಲುಪಿದ ಕಾಲ ಅದು.

ಮುಂದೆ ಗಾಳಿ ತಿರುಗಿತು. ಅಗ್ಗದ ಕೂಲಿಯ ದೇಶಗಳಿಂದ ಬಂದ ಮಾಲಿನ ಮುಂದೆ ಸಾಮರ್ಸೆಟ್ಟಿನ ಅಟ್ಟೆ ನಿಲ್ಲಲಿಲ್ಲ. 1993ರಲ್ಲಿ ಸಂಸ್ಥೆಯನ್ನು ಹೊರಗಿನವರಿಗೆ ಮಾರಬೇಕೆ ಎಂಬ ಪ್ರಶ್ನೆ ಬಂದು, ಮನೆತನದ ಪಾಲುದಾರರು ಬಹು ಸಣ್ಣ ಅಂತರದಿಂದ ಬೇಡವೆಂದರು. ಅದೇ ವರ್ಷ, ಹಳೆಯ ಕಾರ್ಖಾನೆಯ ಆವರಣದಲ್ಲಿ ‘ಕ್ಲಾರ್ಕ್ಸ್ ವಿಲೇಜ್’ ತೆರೆಯಿತು. ಬ್ರಿಟನ್ನಿನ ಮೊದಮೊದಲ ಔಟ್‌ಲೆಟ್ ಗ್ರಾಮಗಳಲ್ಲಿ ಅದೊಂದು. ಮನೆ ಮಾರುವುದಿಲ್ಲವೆಂದ ವರ್ಷವೇ ಮನೆಯಂಗಳದಲ್ಲಿ ಸಂತೆ ಕಟ್ಟಿತು. 2000ದ ದಶಕದಲ್ಲಿ ಬ್ರಿಟನ್ನಿನಲ್ಲಿ ಉಳಿದಿದ್ದ ಕೊನೆಯ ಕ್ಲಾರ್ಕ್ಸ್ ಕಾರ್ಖಾನೆಗಳೂ ಮುಚ್ಚಿದವು. ಬೂಟುಗಳು ಚೀನ, ವಿಯೆಟ್ನಾಂ, ಭಾರತಗಳಿಂದ ಬರತೊಡಗಿದವು. 2021ರಲ್ಲಿ ಸಂಸ್ಥೆಯ ಬಹುಪಾಲು ಒಡೆತನ ಹಾಂಗ್‌ಕಾಂಗಿನ ಹೂಡಿಕೆದಾರರಿಗೆ ಹೋಯಿತು. ಯಾರ್ಕ್‌ಷೈರಿನ ಕಡಲತಡಿಯ ಹಾರ್ನ್‌ಸೀ ಎಂಬ ಊರಿನ ಕಥೆಯೂ ಹೀಗೆಯೇ. ಅಲ್ಲಿ ಪ್ರಸಿದ್ಧವಾದ ಪಿಂಗಾಣಿ ಕಾರ್ಖಾನೆಯಿತ್ತು; ಅದರ ಮಗ್ಗುಲಲ್ಲಿ ಔಟ್‌ಲೆಟ್ ಅಂಗಡಿಗಳು ಬಂದವು; ಪಿಂಗಾಣಿ ನಿಂತಿತು, ಅಂಗಡಿಗಳು ಉಳಿದವು.

ಬಿಸ್ಟರ್ ವಿಲೇಜಿಗೆ ಇಂಥ ಪೂರ್ವಜನ್ಮವೇ ಇಲ್ಲ. ಅಲ್ಲಿನ ಅಂಗಡಿಗಳ ಹಿಂದೆ ಯಾವ ಕಾರ್ಖಾನೆಯೂ ಇರಲಿಲ್ಲ. ಅದರ ಗುರು ಅಮೆರಿಕ. ನ್ಯೂಯಾರ್ಕಿನಿಂದ ದಿನವೂ ಬಸ್ಸುಗಳು ಹೋಗುವ ವುಡ್‌ಬರಿ ಕಾಮನ್ 1985ರಲ್ಲಿಯೇ ತೆರೆದಿತ್ತು. ಆರಂಭದಲ್ಲಿ ಕಾರ್ಖಾನೆಗೆ ಅಂಗಡಿ ಅಂಟಿಕೊಂಡಿತ್ತು; ಆಮೇಲೆ ಕಾರ್ಖಾನೆ ಉದುರಿ ಅಂಗಡಿ ಉಳಿಯಿತು; ಕೊನೆಗೆ ಕಾರ್ಖಾನೆಯೇ ಇಲ್ಲದೆ ಅಂಗಡಿ ಹುಟ್ಟಿತು.

ಆದರೆ ಒಂದು ತೊಡಕು ಬಂತು. ಕೊಳ್ಳುವವರು ಸಾವಿರಗಟ್ಟಲೆ ದಿನವೂ ಬಂದರೆ ಅಷ್ಟು ಮಿಕ್ಕ ಮಾಲನ್ನು ತರುವುದೆಲ್ಲಿಂದ? ಕೋಡಿಯ ನೀರನ್ನು ನಂಬಿ ವರ್ಷವೆಲ್ಲ ಗದ್ದೆ ಮಾಡಲಾಗುವುದಿಲ್ಲ. ಆದುದರಿಂದ ಅನೇಕ ಕಂಪೆನಿಗಳು ಔಟ್‌ಲೆಟ್ಟಿಗೆಂದೇ ಬೇರೆ ಮಾಲನ್ನು ಮಾಡಿಸತೊಡಗಿದವು. ಹೆಸರು ಅದೇ, ಬಟ್ಟೆ ತುಸು ತೆಳು, ಗುಂಡಿ ತುಸು ಅಗ್ಗ. ದೊಡ್ಡ ಅಂಗಡಿಯಲ್ಲಿ ಎಂದೂ ಇರದಿದ್ದ ಅಂಗಿಗೆ ಅಲ್ಲಿ ಇದ್ದಿತೆಂಬಂತೆ ಒಂದು ಬೆಲೆ ಬರೆದು, ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ ಇನ್ನೊಂದು ಬೆಲೆ ಬರೆದರೆ ಗಿರಾಕಿಗೆ ಏನು ತಿಳಿಯಬೇಕು? 2014ರಲ್ಲಿ ಅಮೆರಿಕದ ಕಾಂಗ್ರೆಸ್ಸಿನ ನಾಲ್ವರು ಸದಸ್ಯರು ಈ ಸಂಗತಿಯನ್ನು ವಿಚಾರಿಸಬೇಕೆಂದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ನಿಗೆ ಕಾಗದ ಬರೆದರು. ನಮ್ಮ ಗಾದೆಯನ್ನು ಅವರು ಕೇಳಿರಲಾರರು. ದೂರು ಮಾತ್ರ ಅದರದೇ.

ಸ್ಟ್ರೀಟ್ ಊರಿನ ಇತಿಹಾಸ ಇಲ್ಲಿ ಮನಸ್ಸನ್ನು ಕಲಕುತ್ತದೆ. ಒಂದು ವಸ್ತುವಿಗೆ ಎರಡು ಬೆಲೆ ಹೇಳುವುದು ಸುಳ್ಳೆಂದು ನಂಬಿದವರ ಅಂಗಳದಲ್ಲಿ ಇಂದು ಪ್ರತಿಯೊಂದು ಚೀಟಿಯ ಮೇಲೂ ಎರಡು ಬೆಲೆಗಳಿವೆ. ಹೊಡೆದುಹಾಕಿದ ಬೆಲೆಯೇ ನಿಜವಾದ ಸರಕು. ಅಂಗಿ ಅದರ ಜೊತೆಗೆ ಬರುತ್ತದೆ. ‘ಎಷ್ಟು ಖರ್ಚು ಮಾಡಿದಿರಿ?’ ಎಂದು ಕೇಳಿದರೆ ‘ಎಷ್ಟು ಉಳಿಸಿದೆವು ಗೊತ್ತೆ?’ ಎಂಬ ಉತ್ತರ ಬರುವುದು ಇದರಿಂದ.

ಹಾಗೆಂದು ಕೊಳ್ಳಲು ಹೋದವರನ್ನು ಹೀಯಾಳಿಸುವುದು ಅನ್ಯಾಯ. ಬೆಲೆಬಾಳುವ ವಸ್ತುವನ್ನು ಕಿಟಕಿಯ ಗಾಜಿನಾಚೆಗೆ ಮಾತ್ರ ಕಂಡ ಸಂಸಾರಸ್ಥರಿಗೆ ಅದನ್ನು ಕೈಯಲ್ಲಿ ಮುಟ್ಟುವ ಒಂದು ದಿನದ ಸಂತೋಷ ಸಣ್ಣದಲ್ಲ. ಸ್ಟ್ರೀಟಿನಲ್ಲಿ ಆ ಅಂಗಡಿಗಳು ಬಾರದೆ ಇದ್ದಿದ್ದರೆ ಕಾರ್ಖಾನೆ ಉಳಿಯುತ್ತಿತ್ತೆಂದೂ ಹೇಳಲಾಗದು. ಖಾಲಿ ಬಿದ್ದ ಕಟ್ಟಡಗಳಿಗೆ ದೀಪ ಹಚ್ಚಿದ್ದು, ಊರಿನ ಹಲವರಿಗೆ ಸಂಬಳ ಕೊಟ್ಟದ್ದು ಅವೇ. ಆದರೆ ಬೂಟು ಹೊಲಿಯಬಲ್ಲ ಕೈಗೂ ಬೂಟನ್ನು ಡಬ್ಬಿಯಲ್ಲಿಟ್ಟು ಕೊಡುವ ಕೈಗೂ ವ್ಯತ್ಯಾಸವಿದೆ. ಮೊದಲನೆಯದು ಮಕ್ಕಳಿಗೆ ಒಂದು ವಿದ್ಯೆಯನ್ನು ಬಿಟ್ಟುಹೋಗುತ್ತದೆ.

ಇದನ್ನು ದೂರದ ಕಥೆಯೆಂದು ಬಿಡುವಂತಿಲ್ಲ. ಬೆಂಗಳೂರಿನ ಮಲ್ಲೇಶ್ವರದಲ್ಲಿ ಹತ್ತೊಂಬತ್ತನೆಯ ಶತಮಾನದಿಂದ ನೂಲು ತೆಗೆದ ರಾಜಾ ಮಿಲ್ಲಿನ ನೆಲದ ಮೇಲೆ ಇಂದು ಮಂತ್ರಿ ಸ್ಕ್ವೇರ್ ಎಂಬ ಮಾಲ್ ನಿಂತಿದೆ. ಪೀಣ್ಯದ, ಮೈಸೂರು ರಸ್ತೆಯ ಸಿದ್ಧ ಉಡುಪಿನ ಕಾರ್ಖಾನೆಗಳಿಂದ ವಿದೇಶಕ್ಕೆ ಹೋಗಿ ಮಿಕ್ಕ ಬಟ್ಟೆ ‘ಎಕ್ಸ್‌ಪೋರ್ಟ್ ಸರ್‌ಪ್ಲಸ್’ ಎಂಬ ಹೆಸರಿನಲ್ಲಿ ನಮ್ಮ ಅಂಗಡಿಗಳಿಗೆ ಬರುತ್ತದೆ. ಆ ಹೆಸರಿನ ಹಲಗೆಯ ಕೆಳಗೆ ಕೋಡಿಯ ನೀರೆಷ್ಟು, ತೂಬಿನ ನೀರೆಷ್ಟು ಎಂದು ಗಿರಾಕಿ ಬಲ್ಲನೆ? ಒಂದು ಕಡೆ ಅಗ್ಗದ ಅಂಗಿಗಾಗಿ ವರ್ಷಕ್ಕೊಮ್ಮೆ ದಿನದ ಪ್ರಯಾಣ ಮಾಡುವವರು. ಇನ್ನೊಂದು ಕಡೆ ಆ ಅಂಗಿಯನ್ನು ಹೊಲಿಯುವುದಕ್ಕಾಗಿ ಬೆಳಗಿನ ಕತ್ತಲಲ್ಲಿ ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತಿ, ದಿನವೂ ಪ್ರಯಾಣ ಮಾಡುವ ಹೆಣ್ಣುಮಕ್ಕಳು. ಹಿಂದೆ ಸ್ಟ್ರೀಟ್ ಊರಿನಲ್ಲಿ ಇವರಿಬ್ಬರೂ ಒಂದೇ ಬೀದಿಯಲ್ಲಿ ಎದುರಾಗುತ್ತಿದ್ದರು, ಒಬ್ಬರ ಮುಖ ಒಬ್ಬರಿಗೆ ಗೊತ್ತಿತ್ತು. ಈಗ ಅವರ ನಡುವೆ ಸಮುದ್ರವಿದೆ. ಚೀಟಿಯ ಮೇಲೆ ಹೊಡೆದುಹಾಕಿದ ಬೆಲೆಯನ್ನು ಕಾಣುತ್ತೇವೆ. ಹೊಲಿದವರಿಗೆ ಸಂದ ಕೂಲಿಯನ್ನು ಯಾವ ಚೀಟಿಯ ಮೇಲೂ ಬರೆಯುವುದಿಲ್ಲ.