ಕಾಯುವ ಕೈ: ಎಲೆಯಾಟದಲ್ಲಿ ತಾಳ್ಮೆ ಬೆಳೆದ ಬಗೆ

ಯುಗಾದಿ, ಹೊಸತೊಡಕು ಬಂತೆಂದರೆ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯ ಜಗಲಿಗಳಲ್ಲಿ ಇಸ್ಪೀಟು ಹರಡುತ್ತದೆ. ಅಂದರ್ ಬಾಹರ್‌ನಲ್ಲಿ ಎಲೆ ಬಿದ್ದಂತೆ ಹಣೆಬರಹ. ರಮ್ಮಿಯಲ್ಲಿ ಹಾಗಲ್ಲ. ಎದುರಾಳಿ ಕಾಯುತ್ತಿರುವ ಎಲೆಯನ್ನು ಕೈಯಲ್ಲೇ ಹಿಡಿದಿಟ್ಟು, ಅವನ ದಾರಿ ಕಟ್ಟಿ, ಕೊನೆಗೆ ತಾವು ಮುಗಿಸುವವರಿದ್ದಾರೆ. ಇಂದಿನ ಸ್ಪರ್ಧಾ ಕಾರ್ಡ್ ಆಟಗಳ ‘ಕಂಟ್ರೋಲ್ ಡೆಕ್’ ಇದೇ ಬುದ್ಧಿಯ ಹೊಸ ರೂಪ. ತಾಳ್ಮೆಯ ಆಟಗಾರನಿಗೆ ಕಾಲಕಾಲಕ್ಕೆ ಎಷ್ಟು ಹಿಡಿತ ಸಿಕ್ಕಿತು ಎಂದು ನೋಡಿದರೆ ಈ ಆಟ ಬೆಳೆದ ಬಗೆ ತಿಳಿಯುತ್ತದೆ.

ಹಾಸನವೂ ಸೇರಿದ್ದ ಮೈಸೂರು ಸೀಮೆಯಲ್ಲಿ ಗಂಜೀಫಾ ಅರಮನೆಯ ಎಲೆಯಾಟವಾಗಿತ್ತು. ದಶಾವತಾರ ಗಂಜೀಫಾದಲ್ಲಿ ಹತ್ತು ಅವತಾರಗಳಿಗೆ ತಲಾ 12ರಂತೆ 120 ಎಲೆ. ರಾಜ, ಮಂತ್ರಿ, ಉಳಿದವು ಒಂದರಿಂದ ಹತ್ತು. ಅರ್ಧ ಅವತಾರಗಳಲ್ಲಿ ಹತ್ತು ದೊಡ್ಡದು, ಇನ್ನರ್ಧದಲ್ಲಿ ಒಂದೇ ದೊಡ್ಡದು. ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಭಾಗ ಇಂಥ ಹಲವು ಆಟಗಳನ್ನು ವಿವರಿಸುತ್ತದೆ. ಇಲ್ಲಿ ಕಟ್ಟು ಎಲ್ಲರಿಗೂ ಒಂದೇ. ಯಾವ ಎಲೆ ಹೋಯಿತು, ಯಾವುದು ಉಳಿಯಿತು ಎಂಬ ನೆನಪೊಂದೇ ಆಟಗಾರನ ಆಸ್ತಿ.

ರಮ್ಮಿ ಈ ಆಸ್ತಿಗೆ ಇನ್ನೊಂದನ್ನು ಸೇರಿಸಿತು: ಆಟದಿಂದ ಹಿಂದೆ ಸರಿಯುವ ಹಕ್ಕು. ಕೈ ಕೆಟ್ಟದಾಗಿದ್ದರೆ ಮೊದಲೇ ಬಿಟ್ಟು 20 ಅಂಕ ತೆರಬಹುದು. ನಡುವೆ ಬಿಟ್ಟರೆ 40, ಹಟಕ್ಕೆ ಬಿದ್ದು ಸೋತರೆ 80ರವರೆಗೆ. ಸುಪ್ರೀಂ ಕೋರ್ಟ್ 1967ರಲ್ಲಿ ರಮ್ಮಿಯನ್ನು ಮುಖ್ಯವಾಗಿ ಕೌಶಲದ ಆಟವೆಂದಿತು. ಬಿದ್ದ ಎಲೆಗಳ ನೆನಪು, ಯಾವುದನ್ನು ಹಿಡಿಯಬೇಕು ಯಾವುದನ್ನು ಬಿಡಬೇಕು ಎಂಬ ತೀರ್ಮಾನ, ಇವೇ ಅದಕ್ಕೆ ಕಾರಣ. ಜಗಲಿಯ ತಾಳ್ಮೆಗೆ ನ್ಯಾಯಾಲಯವೇ ಬೆಲೆ ಕಟ್ಟಿದಂತಾಯಿತು.

ದೊಡ್ಡ ತಿರುವು 1993ರಲ್ಲಿ ಬಂತು. ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ ‘ಮ್ಯಾಜಿಕ್: ದ ಗ್ಯಾದರಿಂಗ್’ನಲ್ಲಿ ಪ್ರತಿಯೊಬ್ಬರೂ ತಮ್ಮ ಕಟ್ಟನ್ನು ತಾವೇ ಕಟ್ಟಿಕೊಂಡು ಬರುತ್ತಾರೆ. ತಾಳ್ಮೆ ಈಗ ಆಟಕ್ಕೆ ಕೂರುವ ಮುಂಚೆಯೇ ಶುರುವಾಗತೊಡಗಿತು. 1990ರ ದಶಕದ ನಡುವೆ ಅಮೆರಿಕದ ಬ್ರಯಾನ್ ವೈಸ್‌ಮನ್ ‘ದ ಡೆಕ್’ ಎಂಬ ಕಟ್ಟನ್ನು ಕಟ್ಟಿದರು. ದಾಳಿ ಮಾಡಿ ಗೆಲ್ಲಿಸುವ ಜೀವಿಗಳ ಎಲೆ ಅದರಲ್ಲಿ ಎರಡೇ; ಉಳಿದದ್ದೆಲ್ಲ ತಡೆಯಲು, ಅಳಿಸಲು, ಹೆಚ್ಚು ಎಲೆ ಎಳೆಯಲು. ತನ್ನ ಒಂದು ಎಲೆಗೆ ಎದುರಾಳಿಯ ಎರಡು ಎಲೆ ವ್ಯರ್ಥವಾದರೆ ಗೆಲುವು ತಾನಾಗಿ ಬರುತ್ತದೆ ಎಂಬುದು ಅವರ ಲೆಕ್ಕ. ಮುಂದೆ ಬಂದ ‘ಡ್ರಾ-ಗೋ’ ಕಟ್ಟು ಇದನ್ನು ಕೊನೆಯವರೆಗೆ ಕೊಂಡೊಯ್ದಿತು: ತನ್ನ ಸರದಿಯಲ್ಲಿ ಎಲೆ ಎಳೆದು ಸುಮ್ಮನಾಗುವುದು, ಎದುರಾಳಿಯ ಸರದಿಯಲ್ಲಿ ಅವನ ಆಟ ತಡೆಯುವುದು.

1999ರಲ್ಲಿ ಮ್ಯಾಜಿಕ್ ಬರಹಗಾರ ಮೈಕ್ ಫ್ಲೋರೆಸ್ ಬರೆದ ಲೇಖನ ಈ ವಿದ್ಯೆಗೆ ಸೂತ್ರ ಕೊಟ್ಟಿತು. ಎದುರುಬದುರು ಕೂತ ಇಬ್ಬರಲ್ಲಿ ಒಬ್ಬ ನುಗ್ಗಬೇಕು, ಒಬ್ಬ ಕಾಯಬೇಕು. ತನ್ನ ಪಾತ್ರ ಯಾವುದೆಂದು ತಪ್ಪಾಗಿ ತಿಳಿದವನು ಸೋಲುತ್ತಾನೆ. ಕಾಯುವ ಕಟ್ಟನ್ನೇ ಹಿಡಿದಿದ್ದರೂ ಎದುರಾಳಿ ಇನ್ನೂ ನಿಧಾನಿಯಾದರೆ ನುಗ್ಗುವ ಕೆಲಸ ನಮ್ಮದು.

2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಹಳೆಯದೂ ಹೊಸದೂ ಒಂದೇ ಅಂಗಳಕ್ಕೆ ಬಂದವು. ಹಳೆಯ ಎಲೆಯಾಟ ಬ್ರಿಜ್‌ನಲ್ಲಿ ಭಾರತದ ಪ್ರಣಬ್ ಬರ್ಧನ್, ಶಿಬ್‌ನಾಥ್ ಸರ್ಕಾರ್ ಚಿನ್ನ ಗೆದ್ದರು. ಪ್ರದರ್ಶನ ಪಂದ್ಯವಾಗಿದ್ದ ಡಿಜಿಟಲ್ ಎಲೆಯಾಟ ಹಾರ್ತ್‌ಸ್ಟೋನ್‌ನಲ್ಲಿ ಭಾರತದವರೇ ಆದ ತೀರ್ಥ್ ಮೆಹ್ತಾಗೆ ಕಂಚು.

ನಮ್ಮ ಕಡೆಯ ಹುಡುಗರು ಇಂಥ ಕಾಯುವ ಕಟ್ಟು ಕಟ್ಟುವುದಾದರೆ ಜಗಲಿಯ ಪಾಠವನ್ನು ಮರೆಯದಿರಲಿ. ಮ್ಯಾಜಿಕ್ ಪಂದ್ಯಾವಳಿಯ ಸುತ್ತಿಗೆ 50 ನಿಮಿಷ. ತಡೆದೂ ತಡೆದೂ ಮುಗಿಸದೆ ಕೂತರೆ ಪಂದ್ಯ ಸಮವಾಗಿಬಿಡಬಹುದು. ಕಟ್ಟು ನಿಧಾನವಿರಬಹುದು, ತೀರ್ಮಾನ ನಿಧಾನವಾಗಬಾರದು. 20ಕ್ಕೆ ಎದ್ದುಹೋಗುವ ರಮ್ಮಿ ಆಟಗಾರ ಇದನ್ನು ಮೊದಲ ಎಲೆ ಎಳೆಯುವ ಮುಂಚೆಯೇ ಬಲ್ಲ.