ವಾಮನ ಸಂಸ್ಥಾನ: ಕರ್ಮಶಾಸ್ತ್ರ ಕಂಡ ಗಿಡ್ಡ ದೇಹ

ಜೈನ ಕರ್ಮಶಾಸ್ತ್ರವು ದೇಹದ ಆಕಾರವನ್ನು ನಾಮಕರ್ಮದ ಫಲವೆಂದು ಹೇಳಿ, ಅದನ್ನು ಆರು ಸಂಸ್ಥಾನಗಳಾಗಿ ವಿಂಗಡಿಸುತ್ತದೆ: ಸಮಚತುರಸ್ರ, ನ್ಯಗ್ರೋಧಪರಿಮಂಡಲ, ಸ್ವಾತಿ, ಕುಬ್ಜ, ವಾಮನ ಮತ್ತು ಹುಂಡ. ಮೂಳೆಗಳ ಸಂಧಿಬಂಧವನ್ನು ಕುರಿತ ಆರು ಸಂಹನನಗಳು ಇವುಗಳಿಂದ ಬೇರೆ.

ಈ ವಿಂಗಡಣೆಯಲ್ಲಿ ಕಣ್ಣಾರೆ ಕಂಡ ಅನುಭವವಿದೆ. ಷಟ್ಖಂಡಾಗಮಕ್ಕೆ 9ನೆಯ ಶತಮಾನದಲ್ಲಿ ವೀರಸೇನಾಚಾರ್ಯರು ರಚಿಸಿದ, ಮೂಡುಬಿದಿರೆಯ ತಾಳೆಗರಿಗಳಲ್ಲಿ ಉಳಿದುಬಂದ ಧವಲಾ ಟೀಕೆಯ ಪ್ರಕಾರ, ಕೈಕಾಲುಗಳು ಗಿಡ್ಡವಾಗಿದ್ದು ಮುಂಡವು ನೀಳವಾಗಿದ್ದರೆ ಅದು ವಾಮನ. ಕೈಕಾಲುಗಳು ನೀಳವಾಗಿದ್ದು ನಡುಭಾಗ ಗಿಡ್ಡವಾಗಿದ್ದರೆ ಅದು ಕುಬ್ಜ. ಇಂದಿನ ವೈದ್ಯಶಾಸ್ತ್ರವೂ ಅಸ್ಥಿಬೆಳವಣಿಗೆಯ ದೋಷಗಳನ್ನು ಹೀಗೆಯೇ ಅಂಗಗಳ ಗಿಡ್ಡತನ, ಮುಂಡದ ಗಿಡ್ಡತನ ಎಂದು ಎರಡಾಗಿ ನೋಡುತ್ತದೆ. ಮೊದಲನೆಯದಕ್ಕೆ ಪ್ರಸಿದ್ಧ ನಿದರ್ಶನ ಅಕಾಂಡ್ರೋಪ್ಲೇಸಿಯಾ. ಎಫ್‌ಜಿಎಫ್‌ಆರ್3 ಎಂಬ ವಂಶವಾಹಿಯಲ್ಲಿನ ಒಂದು ಬದಲಾವಣೆಯೇ ಅದಕ್ಕೆ ಕಾರಣವೆಂದು 1994ರಲ್ಲಿ ತಿಳಿದುಬಂದಿತು. ಈ ಸ್ಥಿತಿಯುಳ್ಳವರಲ್ಲಿ ಸುಮಾರು 80 ಶೇಕಡ ಮಂದಿ ಸಾಮಾನ್ಯ ಎತ್ತರದ ತಂದೆತಾಯಿಗಳ ಮಕ್ಕಳು.

ಅಂಥ ತಾಯಿಗೆ "ಯಾವ ಜನ್ಮದ ಪಾಪವೋ" ಎಂಬ ಮಾತು ಇಂದಿಗೂ ತಪ್ಪಿಲ್ಲ. ಶಾಸ್ತ್ರವೂ ಸಮಚತುರಸ್ರವನ್ನುಳಿದ ಐದು ಸಂಸ್ಥಾನಗಳನ್ನು ಪಾಪಪ್ರಕೃತಿಗಳಲ್ಲಿ ಎಣಿಸಿದೆಯೆಂಬುದನ್ನು ಮರೆಮಾಚಬೇಕಾಗಿಲ್ಲ. ಆದರೆ ಅಲ್ಲಿಗೇ ನಿಲ್ಲುವವರು ಶಾಸ್ತ್ರವನ್ನು ಅರ್ಧ ಓದಿದವರು. ನಾಮಕರ್ಮವು ಅಘಾತಿ, ಅದು ದೇಹವನ್ನು ರೂಪಿಸಬಲ್ಲದೇ ಹೊರತು ಆತ್ಮದ ಜ್ಞಾನದರ್ಶನಗಳನ್ನು ಘಾತಿಸಲಾರದು. ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ಗೊಮ್ಮಟಸಾರದ ಕರ್ಮಕಾಂಡವು ಹದಿಮೂರನೆಯ ಗುಣಸ್ಥಾನದವರೆಗೂ ಆರೂ ಸಂಸ್ಥಾನಗಳ ಉದಯವನ್ನು ಒಪ್ಪುತ್ತದೆ. ಸಂಹನನದಲ್ಲಿ ಮಾತ್ರ ಅಲ್ಲಿ ಉಳಿಯುವುದು ಮೊದಲನೆಯದೊಂದೇ. ಎಂದರೆ, ವಾಮನದೇಹಿಯೂ ಕೇವಲಜ್ಞಾನಿಯಾಗಬಲ್ಲನು. ಬೆಳ್ಗೊಳದ ಬೆಟ್ಟದ ಮೇಲೆ 58 ಅಡಿಯ ಸರ್ವಾಂಗಸುಂದರ ಮೂರ್ತಿಯನ್ನು ನಿಲ್ಲಿಸಿದ ಕಾಲದ ಗ್ರಂಥವೇ ಇದನ್ನು ಹೇಳುತ್ತದೆಂಬುದು ಗಮನಾರ್ಹ.

ಆಚರಣೆಯು ಸಿದ್ಧಾಂತದಷ್ಟು ಉದಾರವಾಗಿರಲಿಲ್ಲ. ದೀಕ್ಷೆಗೆ ಅಂಗಸೌಷ್ಠವವನ್ನು ಬಯಸಿದ ವಿಧಿಗಳೂ ಇವೆ. ಲೋಕದ ಕಾನೂನು ಕೂಡ ತಡವಾಗಿಯೇ ಎಚ್ಚೆತ್ತಿತು. 147 ಸೆಂಟಿಮೀಟರ್ ಅಥವಾ ಅದಕ್ಕಿಂತ ಕಡಿಮೆ ಎತ್ತರದ ವಯಸ್ಕರ ಕುಬ್ಜತೆಯನ್ನು ಭಾರತವು ಅಂಗವೈಕಲ್ಯವೆಂದು ಪರಿಗಣಿಸಿದ್ದು 2016ರ ಕಾಯಿದೆಯಲ್ಲಿ. ಬಸ್ಸಿನ ಮೆಟ್ಟಿಲು, ಬ್ಯಾಂಕಿನ ಕಟ್ಟೆ, ತರಗತಿಯ ಬೆಂಚು ಇವೆಲ್ಲ ಒಂದೇ ಅಳತೆಯ ದೇಹಕ್ಕಾಗಿ ಕಟ್ಟಿದವು. ಅವುಗಳ ಎತ್ತರವನ್ನು ನಿರ್ಧರಿಸಿದ್ದು ಯಾರ ಪೂರ್ವಕರ್ಮವೂ ಅಲ್ಲ, ನಮ್ಮ ಅಲಕ್ಷ್ಯ. ಅದನ್ನು ತಿದ್ದುವುದಕ್ಕೆ ಮುಂದಿನ ಜನ್ಮಕ್ಕಾಗಿ ಕಾಯಬೇಕಾಗಿಲ್ಲ.