ಕೋರೈಸುವ ಬೆಳಕಿಗೊಂದು ಮುಸುಕು: ಮನೆಯ ಅಲಂಕಾರ ದೀಪಗಳು ಬೆಳೆದುಬಂದ ಬಗೆ

ಮನೆಯ ಅಲಂಕಾರ ದೀಪಗಳ ಕಥೆಯನ್ನು ಸಾಮಾನ್ಯವಾಗಿ ಅಭಿರುಚಿಯ ಕಥೆಯಾಗಿ ಹೇಳುತ್ತಾರೆ. ಅಭಿರುಚಿಗಿಂತ ಮೊದಲು ಅಲ್ಲಿ ಎರಡು ತೊಡಕುಗಳಿದ್ದವು: ಕಣ್ಣು ಕುಕ್ಕುವ ಪ್ರಖರತೆ ಮತ್ತು ಕೈ ಸುಡುವ ಶಾಖ. ಮೊದಲನೆಯದು ಶೇಡನ್ನು ಹುಟ್ಟಿಸಿತು. ಅದನ್ನು ಯಾವುದರಿಂದ ಮಾಡಬಹುದು, ಬೆಳಕಿನಿಂದ ಎಷ್ಟು ದೂರ ಇಡಬೇಕು ಎಂಬುದನ್ನು ಎರಡನೆಯದು ತೀರ್ಮಾನಿಸಿತು. ಬೆಳಕಿನ ಮೂಲ ಬದಲಾದಾಗೆಲ್ಲ ಈ ಲೆಕ್ಕ ಬದಲಾಗಿದೆ, ಅದರ ಬೆನ್ನಿಗೇ ದೀಪದ ರೂಪವೂ.

ಹರಳೆಣ್ಣೆಯ ದೀಪಕ್ಕೆ ಶೇಡ್ ಬೇಕಿರಲಿಲ್ಲ. ಆ ಕುಡಿಯನ್ನು ನೇರವಾಗಿ ನೋಡಿದರೂ ಕಣ್ಣಿಗೆ ನೋವಿಲ್ಲ. ಹಾಗಾಗಿ ನಮ್ಮಲ್ಲಿ ಕುಸುರಿಯೆಲ್ಲ ದೀಪದ ಕಂಬಕ್ಕೆ, ತೂಗುದೀಪದ ಸರಪಳಿಗೆ, ಮೇಲೆ ಕೂತ ಹಂಸಕ್ಕೆ ಸಂದಿತು. 1780ರ ದಶಕದಲ್ಲಿ ಜಿನೀವಾ ಮೂಲದ ಎಮೆ ಆರ್ಗಾನ್ ಕೊಳವೆಯಾಕಾರದ ಬತ್ತಿ ಮಾಡಿ, ಅದರ ಒಳಗೂ ಹೊರಗೂ ಗಾಳಿ ಆಡುವಂತೆ ಇಟ್ಟು, ಗಾಜಿನ ಚಿಮಣಿ ಕೂಡಿಸಿದ. ಒಂದೇ ದೀಪ ಹಲವು ಮೇಣದಬತ್ತಿಗಳಷ್ಟು ಬೆಳಗಿತು. ಐರೋಪ್ಯ ಮನೆಗಳಲ್ಲಿ ದೀಪಕ್ಕೆ ಮುಸುಕು ಹಾಕುವ ರೂಢಿ ಬಲವಾದದ್ದು ಆಮೇಲೆ.

ಗಾಜು, ಲೋಹ, ಕಾಗದ

1879ರಲ್ಲಿ ಎಡಿಸನ್ ತೋರಿಸಿದ ಬಲ್ಬಿಗೆ ಹೊಗೆಯಿಲ್ಲ, ಎಣ್ಣೆಯಿಲ್ಲ, ತಲೆಕೆಳಗಾಗಿಯೂ ತೂಗುಹಾಕಬಹುದು. ಇದನ್ನು ಚೆನ್ನಾಗಿ ಬಳಸಿಕೊಂಡವರಲ್ಲಿ ನ್ಯೂಯಾರ್ಕಿನ ಟಿಫಾನಿ ಸ್ಟುಡಿಯೋಸ್ ಮೊದಲ ಸಾಲಿನದು. ಬಣ್ಣದ ಗಾಜಿನ ಒಂದೊಂದು ಚೂರಿನ ಅಂಚಿಗೂ ತೆಳು ತಾಮ್ರದ ಪಟ್ಟಿ ಸುತ್ತಿ, ಬೆಸುಗೆ ಹಾಕಿ ಜೋಡಿಸಿದ ಶೇಡ್‌ಗಳವು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಮೆಚ್ಚುಗೆ ಗಳಿಸಿದ ಏರೋಪ್ಲೇನ್ ಚಿಟ್ಟೆಯ (ಡ್ರ್ಯಾಗನ್‌ಫ್ಲೈ) ದೀಪವೂ ಸೇರಿದಂತೆ ಹಲವು ವಿನ್ಯಾಸಗಳು ಅಲ್ಲಿನ ಉದ್ಯೋಗಿ ಕ್ಲಾರಾ ಡ್ರಿಸ್ಕಾಲ್ ಅವರವು. ಈ ಶತಮಾನದ ಆರಂಭದಲ್ಲಿ ಅವರ ಪತ್ರಗಳು ವಿದ್ವಾಂಸರ ಕೈಗೆ ಸಿಗುವವರೆಗೆ ಹೆಸರೆಲ್ಲ ಮಾಲೀಕನದೇ ಆಗಿತ್ತು.

ಡೆನ್ಮಾರ್ಕಿನ ಪೌಲ್ ಹೆನಿಂಗ್ಸನ್ ಚಿತ್ತಾರಕ್ಕೆ ಕೈಹಾಕಲಿಲ್ಲ, ಕೋನಗಳನ್ನು ಅಳೆದರು. 1926ರ ಹೊತ್ತಿಗೆ ಸಿದ್ಧವಾದ ಅವರ ಪಿಎಚ್ ದೀಪದಲ್ಲಿ ಒಂದರ ಕೆಳಗೊಂದು ಮೂರು ಶೇಡ್‌ಗಳು. ಬೆಳಕು ಮೇಜಿಗೆ ಇಳಿಯುತ್ತದೆ, ಕೂತವರ ಕಣ್ಣಿಗೆ ಮಾತ್ರ ಬಲ್ಬು ಕಾಣುವುದಿಲ್ಲ. ತಯಾರಕರು ಬಲ್ಬಿನ ಆಕಾರ ಬದಲಿಸುತ್ತಲೇ ಇದ್ದುದರಿಂದ ರೋಸಿಹೋಗಿ, ಯಾವ ಬಲ್ಬು ಹಾಕಿದರೂ ನಡೆಯುವ ಪಿಎಚ್ 5 ಅನ್ನು 1958ರಲ್ಲಿ ಹೊರತಂದರು. ಜಪಾನಿನ ಗಿಫುವಿನಲ್ಲಿ ಶಿಲ್ಪಿ ಇಸಾಮು ನೊಗುಚಿ 1951ರಿಂದ ಮಾಡಿದ ‘ಅಕಾರಿ’ ದೀಪಗಳದು ಇನ್ನೊಂದು ದಾರಿ: ಬಿದಿರಿನ ಸೀಳಿನ ಮೇಲೆ ಹಿಪ್ಪುನೇರಳೆ ಜಾತಿಯ ಮರದ ತೊಗಟೆಯ ಕಾಗದ. ಮಡಚಿದರೆ ಚಪ್ಪಟೆ, ಬಿಡಿಸಿದರೆ ಗೋಳ. ಕಾಗದ ಸೀಯದಿರಲು ಬಲ್ಬಿಗೂ ಅದಕ್ಕೂ ಸಾಕಷ್ಟು ಅಂತರ ಇರಲೇಬೇಕಿತ್ತು.

ಗುಂಡುಬಲ್ಬಿನಿಂದ ಟ್ಯೂಬ್‌ಲೈಟಿಗೆ

ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿಗೆ ಹರಿಯಿತು. ಇಲ್ಲಿ ವಿದ್ಯುದ್ದೀಪದ ಸಿಂಗಾರ ಮನೆಯೊಳಗಲ್ಲ, ಹೊರಗೆ ಮೆರೆಯಿತು. ಲಕ್ಷದ ಆಸುಪಾಸಿನ ಬಲ್ಬುಗಳು ಕಟ್ಟಡದ ಗೆರೆಗಳನ್ನೇ ಬರೆಯುವ ಮೈಸೂರು ಅರಮನೆ ಅದರ ತುತ್ತತುದಿ. ಸಾಮಾನ್ಯರ ಮನೆಯಲ್ಲಿ ವೈರಿಗೆ ನೇತುಬಿದ್ದ ಒಂದು ಗುಂಡುಬಲ್ಬು, ದೇವರ ಮನೆಗೊಂದು ಜೀರೋ ಬಲ್ಬು. ಹೆಸರಿಗೆ ಸೊನ್ನೆಯಾದರೂ ಅದು 15 ವ್ಯಾಟ್‌ವರೆಗೂ ಎಳೆಯುತ್ತಿತ್ತು.

ಅಮೆರಿಕದಲ್ಲಿ 1938ರಲ್ಲಿ ಮಾರಾಟಕ್ಕೆ ಬಂದ ಟ್ಯೂಬ್‌ಲೈಟ್ ಕ್ರಮೇಣ ನಮ್ಮ ಹಾಲ್‌ಗಳನ್ನೂ ಆಕ್ರಮಿಸಿತು. ಶಾಖ ಕಡಿಮೆ, ಬೆಳಕು ಧಾರಾಳ. ಆದರೆ ಪಟ್ಟಿ, ಚೋಕ್, ಸ್ಟಾರ್ಟರ್ ಸಮೇತ ನಾಲ್ಕು ಅಡಿ ಉದ್ದದ ಕೊಳವೆಗೆ ಯಾವ ಶೇಡ್ ತೊಡಿಸುವುದು? ಬೆಳಕೆಂದರೆ ಬಿಳಿ, ಬಿಳಿಯೆಂದರೆ ಜಾಸ್ತಿ ಬೆಳಕು ಎಂಬ ಎಣಿಕೆ ಬೇರೂರಿತು. ಅಲಂಕಾರ ಹಬ್ಬ ಮತ್ತು ಮದುವೆಯ ಸೀರಿಯಲ್ ಸೆಟ್ಟಿಗೆ ಸರಿಯಿತು.

ತಣ್ಣಗಾದ ಮೇಲೆ

ನೀಲಿ ಎಲ್‌ಇಡಿಯಿಂದಲೇ ಬಿಳಿ ಎಲ್‌ಇಡಿ ಸಾಧ್ಯವಾದದ್ದು. ಅದನ್ನು ಸಾಧಿಸಿದ ಅಕಾಸಾಕಿ, ಅಮಾನೊ, ನಕಾಮುರಾ ಅವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಬಂತು. ಮರುವರ್ಷವೇ ಆರಂಭವಾದ ಉಜಾಲಾ ಯೋಜನೆ ದೇಶದಲ್ಲಿ 36 ಕೋಟಿಗೂ ಹೆಚ್ಚು ಎಲ್‌ಇಡಿ ಬಲ್ಬುಗಳನ್ನು ಹಂಚಿತು. ಗುಂಡುಬಲ್ಬು ತಾನು ಎಳೆದ ವಿದ್ಯುತ್ತಿನಲ್ಲಿ ಶೇ. 90ಕ್ಕೂ ಹೆಚ್ಚು ಪಾಲನ್ನು ಶಾಖವಾಗಿ ಕಳೆಯುತ್ತಿತ್ತು. ಈಗ 60 ವ್ಯಾಟ್‌ನ ಬೆಳಕು 9 ವ್ಯಾಟ್‌ಗೆ ಸಿಗುವುದರಿಂದ, ಬಿಸಿಗೆ ಹೆದರುತ್ತಿದ್ದ ವಸ್ತುಗಳು ಬೆಳಕಿನ ಸಮೀಪಕ್ಕೆ ಬಂದಿವೆ.

ಚನ್ನಪಟ್ಟಣದ ಕಸುಬನ್ನೇ ನೋಡಿ. ತಿರುಗುತ್ತಿರುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ, ಉಜ್ಜಿದ ಬಿಸಿಗೇ ಅರಗು ಕರಗಿ ಮೈಗೆ ಹತ್ತುತ್ತದೆ. ಆಮೇಲೆ ಎಲೆಗರಿಯಿಂದ ತೀಡಿ ಹೊಳಪು ತರುತ್ತಾರೆ. ಬಿಸಿಗೆ ಕರಗುವ ಬಣ್ಣವನ್ನು ಗುಂಡುಬಲ್ಬಿನ ಪಕ್ಕ ಇಡುವುದು ಕಷ್ಟ, ಎಲ್‌ಇಡಿ ಪಕ್ಕ ಸಲೀಸು. ಆಂಧ್ರದ ಧರ್ಮಾವರದ ಹತ್ತಿರದ ನಿಮ್ಮಲಕುಂಟದಲ್ಲಿ ತೊಗಲುಗೊಂಬೆಯ ಕಲಾವಿದರು ಆಟಕ್ಕೆ ಕರೆ ಕಡಿಮೆಯಾದಾಗ ಶೇಡ್ ಮಾಡಲು ಶುರುಮಾಡಿದರು. ಹದಮಾಡಿದ ಮೇಕೆಯ ಚರ್ಮಕ್ಕೆ ಬಣ್ಣ ತುಂಬಿ, ಉಳಿಯಿಂದ ಸಣ್ಣ ತೂತು ಕೊರೆಯುತ್ತಾರೆ. ಹಿಂದಿನಿಂದ ಬೆಳಕು ಬಿದ್ದಾಗ ಒಡವೆಗಳೆಲ್ಲ ಮಿನುಗುವ ತಂತ್ರ ಪರದೆಯ ಆಟದಿಂದಲೇ ಬಂದದ್ದು.

ಫಾಲ್ಸ್ ಸೀಲಿಂಗ್‌ನ ಅಂಚಿನಲ್ಲಿ ಸ್ಟ್ರಿಪ್ ಲೈಟ್, ಗೋಡೆಯ ಸೀಳಿನಲ್ಲಿ ಪ್ರೊಫೈಲ್ ಲೈಟ್, 2012ರಲ್ಲಿ ಬಂದ ಫಿಲಿಪ್ಸ್ ಹ್ಯೂ ಬಗೆಯ, ಫೋನಿನಿಂದ ಬಣ್ಣ ಬದಲಿಸುವ ಬಲ್ಬು: ಆಯ್ಕೆಗೆ ಈಗ ಕೊರತೆಯಿಲ್ಲ. ಬಣ್ಣದ ಲೆಕ್ಕವೂ ಡಬ್ಬಿಯ ಮೇಲೇ ಇರುತ್ತದೆ: 2700ರಿಂದ 3000 ಕೆಲ್ವಿನ್ ಎಂದರೆ ಹಳದಿ ಛಾಯೆ, 6500 ಎಂದರೆ ಟ್ಯೂಬ್‌ಲೈಟಿನ ಬಿಳಿ.

ಶಾಖ ಇಳಿದರೂ ಪ್ರಖರತೆ ಇಳಿದಿಲ್ಲ. ಕಡಲೆಬೇಳೆಗಿಂತ ಚಿಕ್ಕದಾದ ಎಲ್‌ಇಡಿಯ ಬಿಂದು ಬರಿಗಣ್ಣಿಗೆ ಚುಚ್ಚುತ್ತದೆ. ಶೇಡ್ ಇಲ್ಲದೆ ಬಲ್ಬುಗಳನ್ನು ತೂಗುಹಾಕುವ ಇತ್ತೀಚಿನ ಫ್ಯಾಷನ್ ಹೆನಿಂಗ್ಸನ್ ಕಲಿಸಿದ್ದನ್ನು ಮರೆತಂತಿದೆ. ಅದಕ್ಕಿಂತ ದೊಡ್ಡ ಹಿನ್ನಡೆ, ಎಲ್‌ಇಡಿಯನ್ನು ದೀಪದೊಳಗೇ ಅಂಟಿಸಿಬಿಡುವುದು. ಎಲ್‌ಇಡಿಗೆ ವಿದ್ಯುತ್ತನ್ನು ಹೊಂದಿಸಿಕೊಡುವ ಒಳಗಿನ ಡ್ರೈವರ್ ಕೆಟ್ಟರೆ ದೀಪವೇ ಕಸ. ಬೆಳಕಿನ ಮೂಲವನ್ನು ಬಿಚ್ಚಿ ಬದಲಿಸುವಂತಿರಬೇಕು ಎಂದು ಐರೋಪ್ಯ ಒಕ್ಕೂಟ 2021ರಿಂದ ನಿಯಮವನ್ನೇ ತಂದಿದೆ. ಮನೆಗೆಂದೇ ದೀಪ ಮಾಡಿಸುವವರಿಗೆ ಇದು ಇನ್ನೂ ಮುಖ್ಯ. ಅರಗಿನ ಕಾಲು, ತೊಗಲಿನ ಶೇಡ್ ಹತ್ತಾರು ವರ್ಷ ಬಾಳಬಲ್ಲವು. ಒಳಗೆ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಹೋಲ್ಡರ್ ಇದ್ದರೆ, ಮುಂದೆ ಬರುವ ಬಲ್ಬೂ ಅದರಲ್ಲಿ ಕೂರುತ್ತದೆ.